ಟ್ರೇಲರಿನಲ್ಲಿ ಯಾರ ಮುಖವಿರಬೇಕು?



ಈ ವರ್ಷ ನಾವು ನಾಲ್ವರು ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿಗಳು ಕೂಡಿ ಹದಿನೆಂಟು ನಿಮಿಷದ ಒಂದು ಕಿರುಚಿತ್ರವನ್ನು ತಯಾರಿಸಿದ ಸಂಗತಿ ಕಾಲೇಜಿನಲ್ಲಿ ಬಹಳ ಜನಕ್ಕೆ ಗೊತ್ತಿರುವದು. ಆದರೆ ಚಿತ್ರಕ್ಕಿಂತ ಅದರ ಟ್ರೇಲರನ್ನೇ ಹೆಚ್ಚು ಜನ ನೋಡಿದ್ದಾರೆ. ಅದೂ ನಾವು ಮೂರೇ ದಿನದಲ್ಲಿ ಹಿಂದಕ್ಕೆ ತೆಗೆದುಕೊಂಡ ಮೊದಲನೆಯ ಟ್ರೇಲರನ್ನು. ಅಷ್ಟು ಚೆನ್ನಾಗಿದ್ದುದನ್ನು ಏಕೆ ತೆಗೆದಿರಿ ಎಂದು ಗ್ರಂಥಾಲಯದಲ್ಲಿ ಕೇಳಿದರು, ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರು, ಕಡೆಗೆ ಒಬ್ಬ ಗುರುಗಳು ತರಗತಿಯಲ್ಲಿಯೇ ಕೇಳಿದರು. ನಿಂತ ಕಾಲಮೇಲೆ ಉತ್ತರ ಹೇಳುವಂಥ ಮಾತು ಅದಲ್ಲ. ಆದ್ದರಿಂದ ಈ ಲೇಖನ.

ನಾವು ನಾಲ್ವರೂ ನಾಲ್ಕು ಕಡೆಯವರು. ಒಬ್ಬ ಕೊಪ್ಪಳ ಪಟ್ಟಣದವ, ಒಬ್ಬ ಗಂಗಾವತಿಯವ, ಒಬ್ಬಳು ಯಲಬುರ್ಗಿಯವಳು. ನಾನು ಕುಷ್ಟಗಿ ತಾಲೂಕಿನ ಒಂದು ಹಳ್ಳಿಯವ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವ ನಾನೇ ಮೊದಲಿಗ. ಅವ್ವ ಇಂದಿಗೂ ಹೆಬ್ಬೆಟ್ಟೊತ್ತುವವಳು. ಇದನ್ನು ಹೆಮ್ಮೆಗಾಗಿಯೂ ಹೇಳುತ್ತಿಲ್ಲ, ಕನಿಕರಕ್ಕಾಗಿಯೂ ಹೇಳುತ್ತಿಲ್ಲ. ಮುಂದಿನ ಮಾತಿಗೆ ಅದು ಬೇಕಾಗುವದು.

ಚಿತ್ರದ ಹೆಸರು 'ಕೀಲಿಕೈ'. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಉಂಡ ಗಂಗಾವತಿಯ ಗದ್ದೆಗಳಲ್ಲಿ ಭತ್ತ ತೂಗುತ್ತಿರುವಾಗಲೇ, ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಿ ಕಡೆಯ ಒಣ ಬೇಸಾಯದ ಹಳ್ಳಿಗಳಲ್ಲಿ ಸಜ್ಜೆ, ತೊಗರಿ ಮನೆಗೆ ಬಂದ ಬಳಿಕ ಕೈಗೆ ಕೆಲಸವಿಲ್ಲ. ಆಗ ಜನ ಗುಳೆ ಹೊರಡುವರು. ಬೆಂಗಳೂರು, ಮಂಗಳೂರು, ಗೋವೆ, ಎಲ್ಲಿ ಗೌಂಡಿ ಕೆಲಸವಿದೆಯೋ ಅಲ್ಲಿಗೆ. ಹೋಗುವಾಗ ಮನೆಗೆ ಕೀಲಿ ಹಾಕಿ, ಕೀಲಿಕೈಯನ್ನು ಓಣಿಯಲ್ಲಿ ಉಳಿದ ಒಬ್ಬ ಹೆಣ್ಣುಮಗಳ ಹತ್ತಿರ ಬಿಟ್ಟುಹೋಗುವರು. ನಮ್ಮ ಚಿತ್ರದ ಹೆಣ್ಣುಮಗಳ ಗೂಟದಲ್ಲಿ ಏಳು ಮನೆಗಳ ಏಳು ಕೈಗಳು ತೂಗುತ್ತಿರುತ್ತವೆ. ಅಮಾವಾಸ್ಯೆಗೊಮ್ಮೆ ಆಕೆ ಏಳೂ ಮನೆಗಳನ್ನು ತೆರೆದು, ಕಸ ಹೊಡೆದು, ದೀಪ ಹಚ್ಚಿ, ಮತ್ತೆ ಕೀಲಿ ಹಾಕಿ ಬರುವಳು. ಆರು ಮನೆಯವರು ಯುಗಾದಿಗೆ ತಿರುಗಿ ಬರುವರು, ಏಳನೆಯವರು ಬರುವದಿಲ್ಲ. ಆ ಕೈಯನ್ನು ಆಕೆ ಏನು ಮಾಡಿದಳೆಂಬದೇ ಕಥೆ. ಅದನ್ನು ಇಲ್ಲಿ ಹೇಳಿದರೆ ಟ್ರೇಲರಿನ ಧರ್ಮಕ್ಕೆ ಚ್ಯುತಿ ಬಂದೀತು! ಪಾತ್ರ ಮಾಡಿದವಳು ನಮ್ಮ ಅವ್ವ. ನಿಜ ಜೀವನದಲ್ಲಿಯೂ ಆಕೆಯ ಹತ್ತಿರ ಮೂರು ಮನೆಗಳ ಕೈಗಳಿವೆ.

ಚಿತ್ರ ತೆಗೆದ ಬಗೆಯನ್ನು ಬೇಗನೆ ಹೇಳಿ ಮುಗಿಸುವೆನು. ಕ್ಯಾಮರಾ ಎಂದರೆ ಗೆಳತಿಯ ಅಣ್ಣನ ಮೊಬೈಲು. ಸ್ಟ್ಯಾಂಡನ್ನು ಮದುವೆಯ ವಿಡಿಯೋ ತೆಗೆಯುವವರಿಂದ ಎರಡು ದಿನಕ್ಕೆ ಕಡ ತಂದೆವು. ನಮ್ಮ ಸೀಮೆಯ ಮಧ್ಯಾಹ್ನದ ಬಿಸಿಲಿನಲ್ಲಿ ಮನುಷ್ಯನ ಕಣ್ಣ ಕೆಳಗೆ ಕಪ್ಪು ಬೀಳುವದರಿಂದ ಮುಂಜಾನೆ ಒಂಬತ್ತರ ಒಳಗೆ, ಸಂಜೆ ಐದರ ಮೇಲೆ ಮಾತ್ರ ಚಿತ್ರೀಕರಣ; ನೆರಳು ಹೆಚ್ಚಾದಲ್ಲಿ ಅಪ್ಪನ ಬಿಳಿಯ ಧೋತರವನ್ನು ಇಬ್ಬರು ಹಿಡಿದು ನಿಂತರೆ ಮುಖಕ್ಕೆ ಬೆಳಕು ಬರುವದು. ಗಾಳಿಯ ಸದ್ದಿಗೆ ಮಾತ್ರ ಮದ್ದು ಸಿಗಲಿಲ್ಲ. ಎರಿಭೂಮಿಯಲ್ಲಿ ಬೀಸುವ ಗಾಳಿ ಮೈಕಿನೊಳಗೆ ಹೊಕ್ಕು ಎಲ್ಲರ ಮಾತನ್ನೂ ನುಂಗಿತು. ಕಡೆಗೆ ಮಾತುಗಳನ್ನೆಲ್ಲ ಮನೆಯೊಳಗೆ ಕೌದಿ ಹೊದ್ದುಕೊಂಡು ಮತ್ತೊಮ್ಮೆ ಮುದ್ರಿಸಿದೆವು. ಒಟ್ಟು ಖರ್ಚಿನಲ್ಲಿ ಮಂಡಾಳ-ಮಿರ್ಚಿಯ ಪಾಲೇ ದೊಡ್ಡದು.

ಇನ್ನು ಟ್ರೇಲರಿಗೆ ಬರೋಣ. ನಮ್ಮೂರಿನಲ್ಲಿ ಟ್ರೇಲರು ಎಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಗಾಡಿ. 'ಟ್ರೇಲರ್ ಮಾಡಾಕ ಹತ್ತೇವಿ' ಎಂದು ನಾನು ಹೇಳಿದಾಗ ಅವ್ವ, 'ಯಾರ್ದು ತರ್ತೀರಿ, ಬಾಡಿಗಿ ಎಷ್ಟಂತ?' ಎಂದು ಕೇಳಿದಳು. ನಾವು ನಕ್ಕೆವು. ಆದರೆ ಆಮೇಲೆ ಓದಿ ನೋಡಲಾಗಿ ಆಕೆಯ ಮಾತು ಮೂಲಾರ್ಥಕ್ಕೆ ಹತ್ತಿರವೇ ಇತ್ತು. ಈ ಪದ್ಧತಿ 1913ರ ಸುಮಾರಿಗೆ ಅಮೇರಿಕದ ನ್ಯೂಯಾರ್ಕಿನ ನಾಟಕಗೃಹಗಳ ಸುತ್ತಿನಲ್ಲಿ ಹುಟ್ಟಿದ್ದು. ಮೊದಮೊದಲು ಆಟ ಮುಗಿದ ಮೇಲೆ, ಅದರ ಬಾಲಕ್ಕೆ ಅಂಟಿಸಿ ತೋರಿಸುತ್ತಿದ್ದುದರಿಂದಲೇ ಅದಕ್ಕೆ ಹಿಂದೆ ಬರುವದು ಎಂಬ ಹೆಸರು. ಆಟ ಮುಗಿಯುತ್ತಲೆ ಜನ ಎದ್ದುಹೋಗುವದನ್ನು ಕಂಡು ಮುಂದಕ್ಕೆ ತಂದರು. ಸ್ಥಾನ ಬದಲಾಯಿತು, ಹೆಸರು ಉಳಿಯಿತು. ನನಗೆ ತೋರುವಮಟ್ಟಿಗೆ ಟ್ರ್ಯಾಕ್ಟರಿನ ನ್ಯಾಯವೇ ಸರಿಯಾದದ್ದು: ಎಂಜಿನ್ನು ಯಲಬುರ್ಗಿಯ ಕಡೆಗೆ ಹೊರಟಿದ್ದರೆ ಟ್ರೇಲರು ಗಂಗಾವತಿಗೆ ಹೋಗಬಾರದು.

ನಮ್ಮದು ಹೋಯಿತು.

ತಯಾರಿಗೇನೂ ಕೊರತೆಯಿರಲಿಲ್ಲ. ಚಿತ್ರದ ಒಂದೊಂದು ತುಣುಕಿಗೆ ಒಂದೊಂದು ಚೀಟಿ ಬರೆದು, ನನ್ನ ಹಾಸ್ಟೆಲಿನ ಖೋಲಿಯ ಗೋಡೆಗೆ ಅಂಟಿಸಿ, ಯಾವುದನ್ನು ತೋರಿಸುವದು, ಯಾವುದನ್ನು ಬಚ್ಚಿಡುವದು ಎಂದು ಎರಡು ರಾತ್ರಿ ಜಗಳಾಡಿದೆವು. ಗಂಗಾವತಿಯ ಗೆಳೆಯನಿಗೆ ಅಂಜನಾದ್ರಿಯನ್ನು ಆಕಾಶದಿಂದ ತೋರಿಸಬೇಕೆಂಬ ಹಂಬಲ. ಕಥೆಯಲ್ಲಿ ಬೆಟ್ಟವೇ ಇಲ್ಲವಲ್ಲ ಎಂದರೆ, '575 ಮೆಟ್ಟಿಲು ಇರೋ ಬೆಟ್ಟ ಜಿಲ್ಲಾದಾಗ ಐತಲ್ಲ' ಎಂದನು. ಕೊಪ್ಪಳದವನು ಕೋಟೆ ಬೇಕೆಂದನು. ಅದಾಗದಿದ್ದರೆ ಇಟಗಿಯ ಮಹಾದೇವ ದೇವಾಲಯವಾದರೂ ಬೇಕೆಂದನು. ಕ್ರಿ. ಶ. 1112ರ ಆ ದೇವಾಲಯದ ಸೊಬಗಿಗೆ ಎರಡು ಮಾತಿಲ್ಲ, ಆದರೆ ಗುಳೆ ಹೋದವರ ಕೀಲಿಕೈಗೂ ಚಾಲುಕ್ಯರ ದಂಡನಾಯಕನಿಗೂ ಏನು ಸಂಬಂಧ? ಅದಲ್ಲದೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಥಳದಲ್ಲಿ ಚಿತ್ರೀಕರಣಕ್ಕೆ ಪೂರ್ವಾನುಮತಿ ಬೇಕು. ಅರ್ಜಿ ಬರೆಯುವ ಬೇಸರದಿಂದ ಆ ವಾದ ತಾನೇ ಬಿದ್ದುಹೋಯಿತು. (ನಮ್ಮ ಎಷ್ಟೋ ಒಳ್ಳೆಯ ತೀರ್ಮಾನಗಳಿಗೆ ಸೋಮಾರಿತನವೇ ಕಾರಣವೆಂದು ಈಗ ತೋರುವದು.)

ಕಡೆಗೆ ಉಳಿದ ಪ್ರಶ್ನೆ: ಜನರನ್ನು ಹಿಡಿದು ನಿಲ್ಲಿಸುವ ತುಣುಕು ಯಾವುದು? ಎಲ್ಲರ ಕಣ್ಣೂ ಒಂದೇ ಚೀಟಿಯ ಮೇಲೆ ಬಿತ್ತು. ಅವ್ವ ಒಲೆಯ ಮುಂದೆ ಕುಳಿತಿದ್ದಾಳೆ, ಕಣ್ಣಿನಿಂದ ನೀರು ಇಳಿದು ಕೆನ್ನೆಯ ಮೇಲೆ ನಿಂತಿದೆ. ಅದಕ್ಕೆ ಪಿಟೀಲಿನ ಸ್ವರ ಕೂಡಿಸಿ, ವೇಗ ತಗ್ಗಿಸಿ, ಮೇಲೆ 'ಹಸಿವಿನ ನಾಡಿನ ಕಣ್ಣೀರ ಕಥೆ' ಎಂದು ದಪ್ಪಕ್ಷರದಲ್ಲಿ ಹಾಕಿದೆವು. ಆ ಸಾಲನ್ನು ಬರೆದವನು ನಾನೇ. ನಾಲ್ವರೂ ನೋಡಿ ಭಲೆ ಎಂದೆವು. ಆ ರಾತ್ರಿಯೇ ಯೂಟ್ಯೂಬಿಗೆ, ವಾಟ್ಸಾಪಿಗೆ ಏರಿಸಿದೆವು.

ನಿಜ ಸಂಗತಿಯೆಂದರೆ ಅವ್ವ ಅಂದು ಅತ್ತಿರಲಿಲ್ಲ. ಗ್ಯಾಸಿನ ಒಲೆ ಇದ್ದರೂ ರೊಟ್ಟಿಗೆ ಕಟ್ಟಿಗೆಯ ಒಲೆಯೇ ಬೇಕೆನ್ನುವವಳು ಆಕೆ. ಹಸಿ ಕಟ್ಟಿಗೆ, ಹೊಗೆ ಸುತ್ತಿಕೊಂಡಿತು, ಕಣ್ಣಲ್ಲಿ ನೀರು ಬಂತು. ಚಿತ್ರದೊಳಗೆ ಅದು ಹೊಗೆಯೆಂದೇ ಕಾಣುವದು. ಮರುಕ್ಷಣವೇ ಆಕೆ ಸೆರಗಿನಿಂದ ಒರೆಸಿಕೊಂಡು, ಒಲೆಯನ್ನು ಬೈದು, ನಗುವಳು. ನಾವು ಹೊಗೆಯನ್ನು ಕತ್ತರಿಸಿದೆವು, ಬೈಗಳನ್ನು ಕತ್ತರಿಸಿದೆವು, ನಗೆಯನ್ನು ಕತ್ತರಿಸಿದೆವು. ಉಳಿದದ್ದು ಕಣ್ಣೀರು.

ಮೂರನೆಯ ದಿನ ಮಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಿರುವ ನನ್ನ ಸೋದರಮಾವ ಅವ್ವನಿಗೆ ಫೋನು ಮಾಡಿ, 'ಅಕ್ಕಾ, ಮನ್ಯಾಗ ಊಟಕ್ಕ ತ್ರಾಸ ಐತೇನು? ನನಗ್ಯಾಕ ಹೇಳಲಿಲ್ಲ?' ಎಂದು ಅತ್ತನಂತೆ. ಸಂಜೆಯ ಹೊತ್ತಿಗೆ ಎರಡು ಸಾವಿರ ರೂಪಾಯಿ ಕಳಿಸಿಯೂ ಬಿಟ್ಟಿದ್ದನು. ಅದು ಆತನ ಎರಡು ಮೂರು ದಿನಗಳ ಪಗಾರ. ನಾನು ಊರಿಗೆ ಹೋದಾಗ ಅವ್ವ ಸಿಟ್ಟು ಮಾಡಲಿಲ್ಲ. ಓಣಿಯ ಹುಡುಗನೊಬ್ಬನ ಮೊಬೈಲಿನಲ್ಲಿ ಅದನ್ನು ನಾಲ್ಕು ಸಲ ನೋಡಿದ್ದಳಂತೆ. 'ಯಪ್ಪಾ, ನಾ ಯಾರ ಮುಂದ ಕೈ ಒಡ್ಡೀನಿ ಹೇಳು. ಹೊಗಿ ಬಡದು ನೀರು ಬಂದಿದ್ದು ನೀನೂ ನೋಡಿದ್ದೆಲ್ಲ' ಎಂದಳು. ಅಷ್ಟೇ. ಆಮೇಲೆ ಊಟಕ್ಕೆ ನೀಡಿದಳು. ನನಗೆ ರೊಟ್ಟಿ ಇಳಿಯಲಿಲ್ಲ.

ಕಾಲೇಜಿಗೆ ಬಂದು ತೆಗೆಯೋಣವೆಂದಾಗ ಗಂಗಾವತಿಯ ಗೆಳೆಯ ಒಪ್ಪಲಿಲ್ಲ. ಅವನ ವಾದವನ್ನು ನ್ಯಾಯವಾಗಿ ಹೇಳುವದು ನನ್ನ ಕರ್ತವ್ಯ. ಟ್ರೇಲರು ಜಾಹೀರಾತು, ಅದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಎಲ್ಲರೂ ಬಲ್ಲ ಸಂಗತಿ, ಕೋರ್ಟು ಕೂಡ ಹಾಗೆಯೇ ಹೇಳಿದೆ ಎಂದನು. ಅದು ನಿಜವೇ. 2016ರಲ್ಲಿ ಬಂದ 'ಫ್ಯಾನ್' ಎಂಬ ಹಿಂದಿ ಚಿತ್ರದ ಪ್ರಚಾರದಲ್ಲಿ ತೋರಿಸಿದ ಹಾಡು ಚಿತ್ರದಲ್ಲಿ ಇರಲೇ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ ನಿರಾಶರಾದ ಮಹಾರಾಷ್ಟ್ರದ ಒಬ್ಬ ಶಿಕ್ಷಕಿ ದೂರು ಕೊಟ್ಟರು. ಗ್ರಾಹಕ ಆಯೋಗ 10,000 ರೂಪಾಯಿ ಪರಿಹಾರ ಕೊಡಿಸಿತು. ಆದರೆ 2024ರ ಏಪ್ರಿಲ್ 22ರಂದು ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದು ಮಾಡಿತು. ಪ್ರಚಾರದ ತುಣುಕು ಚಿತ್ರದ ವಿಷಯವಾಗಿ ನೋಡುಗನೊಡನೆ ಮಾಡಿಕೊಂಡ ಕರಾರಲ್ಲ, ಅದು ಕುತೂಹಲ ಹುಟ್ಟಿಸಲಿಕ್ಕೆ ಇರುವದು ಎಂಬುದು ಆ ತೀರ್ಪಿನ ಸಾರ.

ತೀರ್ಪನ್ನು ಪ್ರಶ್ನಿಸುವ ಯೋಗ್ಯತೆ ನನ್ನದಲ್ಲ. ಆದರೆ ಅಲ್ಲಿ ನ್ಯಾಯ ಕೇಳಿದವರು ನೋಡುಗರು. ನನ್ನ ಪ್ರಶ್ನೆ ಅದರಲ್ಲಿ ಕಾಣಿಸಿಕೊಂಡವರದು. ಟಿಕೆಟು ಕೊಂಡವನಿಗೆ ಮೋಸವಾದರೆ ಹೋಗುವದು ನೂರಿನ್ನೂರು ರೂಪಾಯಿ. ಮುಖ ಕೊಟ್ಟವಳಿಗೆ ಮೋಸವಾದರೆ ಓಣಿಯಲ್ಲಿ ಆಕೆಯ ಮರ್ಯಾದೆ ಹೋಗುವದು. ನಟರಿಗೆ ಸಂಭಾವನೆಯುಂಟು, ಕಾಗದಪತ್ರವುಂಟು, ಇದು ನಟನೆಯೆಂದು ಲೋಕವೆಲ್ಲ ಬಲ್ಲದು. ಹಳ್ಳಿಯ ಹೆಣ್ಣುಮಗಳೊಬ್ಬಳು ಮಗನ ಮೇಲಿನ ಪ್ರೀತಿಯಿಂದ ಕ್ಯಾಮರಾದ ಮುಂದೆ ಕುಳಿತರೆ, ಅದು ಆಕೆಯ ನಿಜಸ್ಥಿತಿಯೆಂದೇ ಜನ ನಂಬುವರು. ಚಿತ್ರಕ್ಕೆ ಆಕೆಯ ಒಪ್ಪಿಗೆ ಕೇಳಿದ್ದೆವು, ಟ್ರೇಲರಿಗೆ ಕೇಳಿರಲಿಲ್ಲ. ಎರಡೂ ಒಂದೇ ಎಂದು ತಿಳಿದಿದ್ದೆವು. ಒಂದೇ ಅಲ್ಲ. ಹದಿನೆಂಟು ನಿಮಿಷದಲ್ಲಿ ಅಳು, ನಗೆ, ಬೈಗಳು ಎಲ್ಲಕ್ಕೂ ಜಾಗವಿದೆ. ಒಂದೂವರೆ ನಿಮಿಷದಲ್ಲಿ ಯಾವುದನ್ನು ಆರಿಸುವೆವೋ ಅದೇ ಆಕೆಯ ಮುಖವಾಗುವದು.

ಇನ್ನೊಂದು ಮಾತನ್ನು ಯಲಬುರ್ಗಿಯ ಗೆಳತಿ ಹೇಳಿದಳು. ಅದು ನನಗೆ ಹೊಳೆದಿರಲಿಲ್ಲ. ನಮ್ಮ ಸೀಮೆಯನ್ನು ಹೊರಗಿನವರು ನೋಡುವದು ಎರಡೇ ಬಗೆಯಲ್ಲಿ: ಒಂದೋ ನಗೆಪಾಟಲಿನ ಮಾತಾಡುವ ಜನ, ಇಲ್ಲವೆ ಬರದಲ್ಲಿ ಬಾಯಿಬಿಡುವ ಜನ. ಅದನ್ನು ಹೊರಗಿನವರು ಮಾಡಿದರೆ ನಾವು ಸಿಟ್ಟಾಗುತ್ತೇವೆ, ನಾವೇ ಮಾಡಿದರೆ ಕಲೆಯೇ? ಎಂದಳು. ಪಕ್ಕದ ರಾಯಚೂರು ಸೀಮೆಯ ಉತ್ಸವ ಗೋನವಾರರ 'ಫೋಟೋ' 2024ರಲ್ಲಿ ತೆರೆಕಂಡಿತು. ವಿಧಾನಸೌಧದ ಮುಂದೆ ಒಂದು ಫೋಟೋ ತೆಗೆಸಿಕೊಳ್ಳಬೇಕೆಂಬ ಹುಡುಗನ ಆಸೆ ಅದರ ಕಥೆಯ ಬೀಜ. ಬೆಂಗಳೂರಿಗೆ ದುಡಿಯಲು ಹೋದ ಅಪ್ಪ, ಲಾಕ್‌ಡೌನಿನ ನಡಿಗೆ, ಎಲ್ಲವೂ ಆ ಆಸೆಯ ಬೆನ್ನಿಗೆ ಬರುವವು. ಕಷ್ಟವನ್ನು ತೋರಿಸಬಾರದೆಂದು ಯಾರೂ ಹೇಳುತ್ತಿಲ್ಲ. ಹಾಗೆಯೇ 2024ರ ಮೇ ತಿಂಗಳಲ್ಲಿ ಫ್ರಾನ್ಸ್ ದೇಶದ ಕಾನ್ ಚಿತ್ರೋತ್ಸವದ ವಿದ್ಯಾರ್ಥಿಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆದದ್ದು ಒಂದು ಕನ್ನಡ ಕಿರುಚಿತ್ರ; ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿಯುತ್ತ ಚಿದಾನಂದ ನಾಯ್ಕ ಅವರು ಮಾಡಿದ್ದು. ಅದರಲ್ಲಿಯೂ ಇರುವವಳು ಹಳ್ಳಿಯ ಒಬ್ಬ ಮುದುಕಿಯೇ, ಆದರೆ ಆಕೆ ಊರಿನ ಹುಂಜವನ್ನು ಕದ್ದು ಊರಿಗೇ ಬೆಳಗಾಗದಂತೆ ಮಾಡುವವಳು! ಲೋಕ ಆಕೆಯನ್ನು ನೋಡಲಿಲ್ಲವೆ?

ಮೂರಕ್ಕೆ ಒಂದರಂತೆ ಮತ ಬಿದ್ದು ಟ್ರೇಲರನ್ನು ತೆಗೆದೆವು. ಎರಡನೆಯದನ್ನು ಬೇರೆ ರೀತಿಯಿಂದ ಕಟ್ಟಿದೆವು. ಮೊದಲಿಗೆ ಕತ್ತಲೆ, ಕೀಲಿ ಬೀಳುವ ಸದ್ದು ಮಾತ್ರ, ಏಳು ಸಲ. (ಆ ಸದ್ದನ್ನು ನಮ್ಮ ಓಣಿಯ ನಿಜವಾದ ಕೀಲಿಗಳಿಂದಲೇ ಹಿಡಿದೆವು, ಒಂದೊಂದರ ದನಿ ಒಂದೊಂದು ತರಹ.) ಬಳಿಕ ಬೆರಳೆಣಿಸಿ ಕೈಗಳನ್ನು ಲೆಕ್ಕ ಮಾಡುವ ಅವ್ವ, ಲೆಕ್ಕ ತಪ್ಪಿ ನಗುವ ಅವ್ವ. ಆಕೆಯ ಒಂದೇ ಮಾತು: 'ಮನೀಗೆ ಕೀಲಿ ಹಾಕಬೌದು, ಊರಿಗೆ ಹಾಕಾಕ ಬರ್ತೈತೇನು?' ಹಲಗೆಯ ಎರಡು ಪೆಟ್ಟು, ಚಿತ್ರದ ಹೆಸರು. ಒಂದು ನಿಮಿಷ ಇಪ್ಪತ್ತು ಸೆಕೆಂಡು. ಏರಿಸುವ ಮೊದಲು ಊರಿಗೆ ಒಯ್ದು ಆಕೆಗೆ ತೋರಿಸಿದೆನು. 'ಇದು ಅಡ್ಡಿಯಿಲ್ಲ. ಆದ್ರ ಆ ಸೀರಿ ಹಳೇದಾತು' ಎಂದಳು. ಸೀರೆಗೆ ಮಾಡುವದೇನೂ ಉಳಿದಿರಲಿಲ್ಲ.

ಮೊದಲನೆಯದನ್ನು ನೋಡಿದವರ ಕಾಲು ಭಾಗದಷ್ಟು ಜನವೂ ಇದನ್ನು ನೋಡಲಿಲ್ಲವೆಂಬುದನ್ನು ಮುಚ್ಚಿಡಲಾರೆ. ಗಂಗಾವತಿಯ ಗೆಳೆಯ ಅದನ್ನು ದಿನಕ್ಕೊಮ್ಮೆ ನೆನಪು ಮಾಡಿಕೊಡುವನು. ಮಾಡಿಕೊಡಲಿ, ಅವನೂ ಚಿತ್ರಕ್ಕಾಗಿ ನಮ್ಮಷ್ಟೇ ಬಿಸಿಲು ಉಂಡವನು. ಬರುವ ವರ್ಷ ಚಿತ್ರ ತೆಗೆಯುವ ಕಿರಿಯ ಮಿತ್ರರಿಗೆ ನನ್ನ ಸೂಚನೆ ಒಂದೇ: ಗೋಡೆಯ ಮೇಲೆ ಚೀಟಿ ಅಂಟಿಸುವಾಗ, ಆ ಚೀಟಿಯಲ್ಲಿರುವವರಲ್ಲಿ ಒಬ್ಬರನ್ನಾದರೂ ಖೋಲಿಗೆ ಕರೆದು ಕೂಡಿಸಿಕೊಳ್ಳಿರಿ.

ಮಾವನ ಎರಡು ಸಾವಿರವನ್ನು ಅವ್ವ ಮರುವಾರವೇ ತಿರುಗಿ ಕಳಿಸಿದಳು. ಹೊಗೆಯ ಸಂಗತಿಯನ್ನು ಆತನಿಗೆ ನಾನೇ ಫೋನಿನಲ್ಲಿ ಬಿಡಿಸಿ ಹೇಳಿದೆನು, ಆತ ಪೂರ್ತಿ ನಂಬಿದಂತಿಲ್ಲ. ಮೊದಲನೆಯ ಟ್ರೇಲರು ನಾವು ತೆಗೆದ ಮೇಲೂ ಯಾರ ಯಾರದೋ ಮೊಬೈಲುಗಳಲ್ಲಿ ಉಳಿದು ಇನ್ನೂ ತಿರುಗುತ್ತಿರುವದು. ಕಳೆದ ಅಮಾವಾಸ್ಯೆಯ ದಿನ ಅದು ನಮ್ಮ ಓಣಿಯ ವಾಟ್ಸಾಪು ಗುಂಪಿಗೇ ಮತ್ತೆ ಬಂದಿತ್ತು, ಗೋವೆಯಿಂದ.