ದೂರಸಂಪರ್ಕದ ಹೊಸ ಕಾನೂನೂ ಗ್ರಾಮಸ್ಥರ ಕರ್ತವ್ಯವೂ

ಹೊಲದಂಚಿನಲ್ಲಿ ಕೇಬಲ್ ಹೂಳಲು ಬಂದವರನ್ನು ಕಂಡು ಭೂಮಾಲೀಕರು ಸಂಶಯಪಡುವುದು ಸಹಜವೇ. ಆದರೆ ಕಾನೂನಿನ ಸ್ವರೂಪವನ್ನು ತಿಳಿದು ವರ್ತಿಸುವುದು ಲೇಸು.

1885ನೆಯ ಇಸವಿಯ ಟೆಲಿಗ್ರಾಫ್ ಕಾನೂನಿಗೆ ಬದಲಾಗಿ 2023ರಲ್ಲಿ ದೂರಸಂಪರ್ಕ ಕಾನೂನು ಅಂಗೀಕೃತವಾಯಿತು. ಅದರ ಮೇರೆಗೆ ರಚಿತವಾದ ಮಾರ್ಗಾಧಿಕಾರದ ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದಿರುವುವು. ಸಾರ್ವಜನಿಕ ಸ್ಥಳದಲ್ಲಿ ಕೇಬಲ್ಲಿಗೂ ಗೋಪುರಕ್ಕೂ ಗೊತ್ತಾದ ಅವಧಿಯೊಳಗೆ ಅನುಮತಿಯನ್ನು ತೀರ್ಮಾನಿಸತಕ್ಕದ್ದು. ಖಾಸಗಿ ಜಮೀನಿನಲ್ಲಾದರೋ ಮಾಲೀಕರೊಡನೆ ಕರಾರು ಆಗಬೇಕು. ಅವರು ಒಪ್ಪದಿದ್ದಲ್ಲಿ ಸಾರ್ವಜನಿಕ ಹಿತಕ್ಕಾಗಿ ಸರ್ಕಾರವೇ ನಿರ್ಣಯಿಸಬಹುದು. ಗೋಪುರವು ನೆಲದ ಭಾಗವೆಂದು ಎಣಿಸಲ್ಪಡದು. ಆದಕಾರಣ ಜಮೀನಿನ ಮೇಲಣ ತೆರಿಗೆಗಳು ಅದಕ್ಕೆ ಅನ್ವಯಿಸವು.

ಈ ಸುಧಾರಣೆಯು ನಮ್ಮ ಮತದಲ್ಲಿ ಯುಕ್ತವಾದುದು. ನಮ್ಮ ರಾಜ್ಯದಲ್ಲಿ ಪಹಣಿಗಳು 2000ದ ಸುಮಾರಿಗೇ ‘ಭೂಮಿ’ ಯೋಜನೆಯಿಂದ ಗಣಕಯಂತ್ರಕ್ಕೆ ಏರಿದುವು; 2014ರಿಂದ ಮಾರುಕಟ್ಟೆಗಳಲ್ಲಿ ಏಕೀಕೃತ ಆನ್‌ಲೈನ್ ವ್ಯಾಪಾರವು ಆರಂಭವಾಯಿತು. ಸಂಪರ್ಕವಿಲ್ಲದ ಊರಿನ ರೈತನಾದರೋ ತಿಪಟೂರಿನ ಕೊಬ್ಬರಿಯ ಧಾರಣೆಯನ್ನು ದಲ್ಲಾಳಿಯ ಬಾಯಿಂದಲೇ ಕೇಳಬೇಕಾಗುವುದು. ಒಂದು ಊರು ಕೇಬಲ್ಲನ್ನು ತಡೆದರೆ ಅದರಾಚೆಯ ಊರುಗಳಿಗೂ ನಷ್ಟವು ತಪ್ಪದು.

ಆದರೂ ಉಪಕಾರವು ಒಂದು ಕಡೆಯದೇ ಆಗಬಾರದು. ತೆರಿಗೆಯನ್ನು ಬಿಟ್ಟುಕೊಟ್ಟ ಗ್ರಾಮಕ್ಕೆ ತಡೆಯಿಲ್ಲದ ಸೇವೆಯನ್ನು ಕೇಳುವ ಹಕ್ಕುಂಟು. ಅನುಮತಿಯ ಅವಧಿಯಂತೆಯೇ ದುರಸ್ತಿಯ ಅವಧಿಯನ್ನೂ ಸರ್ಕಾರವು ಕಟ್ಟುನಿಟ್ಟಾಗಿ ನಡೆಸಿಕೊಡತಕ್ಕದ್ದು.

ಭೂಮಾಲೀಕರು ಬಾಯಿಮಾತನ್ನು ನಂಬಿ ಒಪ್ಪಿಗೆ ಕೊಡಬಾರದು. ಕೇಬಲ್ಲನ್ನು ಹೂಳುವ ಆಳ, ಬದುವನ್ನು ಮೊದಲಿನಂತೆ ಕಟ್ಟಿಕೊಡುವ ಹೊಣೆ, ಬೆಳೆನಷ್ಟದ ಪರಿಹಾರ, ಇವು ಮೂರನ್ನೂ ಕರಾರಿನಲ್ಲಿ ಬರೆಯಿಸಿಕೊಳ್ಳತಕ್ಕದ್ದು. ಗ್ರಾಮಮುಖಂಡರು ಈ ವಿಷಯವನ್ನು ಗ್ರಾಮಸಭೆಯಲ್ಲಿ ಓದಿ ತಿಳಿಸಬೇಕೆಂದು ವಿಜ್ಞಾಪನೆ.