ಕ್ಲಿಕ್ಕಿನ ಲೆಕ್ಕವೂ ಗೈಗರ್ ಗಣಕವೂ

ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ಹೆದ್ದಾರಿಯು ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರದ ಮೂಲಕ ಉದಕಮಂಡಲಕ್ಕೆ, ಇನ್ನೊಂದು ಮದ್ದೂರು ತನಿಖಾಠಾಣೆಯನ್ನು ದಾಟಿ ವಯನಾಡಿಗೆ. 2009ರಿಂದ ಈಚೆಗೆ ಈ ಕಾಡುದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6 ಗಂಟೆಯವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ ನಿಷೇಧವುಂಟು. ಆದುದರಿಂದ ರಾತ್ರಿ ಎಂಟರ ವೇಳೆಗೆ ಇನ್ನೂ ನಂಜನಗೂಡಿನ ಬಳಿಯೇ ಇರುವ ಪ್ರಯಾಣಿಕನು ಫೋನನ್ನು ತೆಗೆದು ‘ಗುಂಡ್ಲುಪೇಟೆಯಲ್ಲಿ ರೂಮು’ ಎಂದು ಹುಡುಕುತ್ತಾನೆ. ಹುಡುಕಿದೊಡನೆ ಪರದೆಯ ಮೇಲ್ತುದಿಯಲ್ಲಿ ಎರಡು ಮೂರು ವಸತಿಗೃಹಗಳ ಹೆಸರುಗಳು ‘ಪ್ರಾಯೋಜಿತ’ ಎಂಬ ಸಣ್ಣ ಗುರುತಿನೊಡನೆ ಮೂಡುತ್ತವೆ. ಅವುಗಳಲ್ಲೊಂದನ್ನು ಆತನ ಬೆರಳು ಒತ್ತಿದ ಕ್ಷಣದಲ್ಲಿ ಆ ವಸತಿಗೃಹದ ಒಡೆಯನ ಲೆಕ್ಕದಿಂದ ಕೆಲವು ರೂಪಾಯಿಗಳು ಕಳೆದುಹೋಗುತ್ತವೆ. ಪ್ರಯಾಣಿಕನು ರೂಮು ಹಿಡಿದರೂ ಸರಿಯೆ, ಹಿಡಿಯದಿದ್ದರೂ ಸರಿಯೆ.

ಕ್ಲಿಕ್ಕಿಗೆ ಇಷ್ಟು ಎಂದು ಹಣ ಕೊಡುವ ಈ ಪದ್ಧತಿಯನ್ನು 1998ರಲ್ಲಿ ಅಮೆರಿಕದ ಗೋಟು ಡಾಟ್ ಕಾಮ್ ಎಂಬ ಸಂಸ್ಥೆಯು ಬಳಕೆಗೆ ತಂದಿತು. 2000ದಲ್ಲಿ ಜಾಹೀರಾತಿನ ವ್ಯವಹಾರವನ್ನು ಆರಂಭಿಸಿದ ಗೂಗಲ್ ಸಂಸ್ಥೆಯು 2002ರಲ್ಲಿ ಇದನ್ನು ಅಳವಡಿಸಿಕೊಂಡಿತು. ಇದು ಒಂದು ಹರಾಜು. ಆದರೆ ನಮ್ಮ ಮಾರುಕಟ್ಟೆಯ ಅಂಗಳದಲ್ಲಿ ಕೂಗುವ ಹರಾಜಿಗಿಂತ ಎರಡು ವಿಧದಲ್ಲಿ ಭಿನ್ನವಾದುದು. ಮೊದಲನೆಯದಾಗಿ, ಇಲ್ಲಿ ಸವಾಲಿನ ಮೊತ್ತ ಒಂದರಿಂದಲೇ ಗೆಲವು ನಿರ್ಣಯವಾಗುವುದಿಲ್ಲ. ಒಬ್ಬನು ಕ್ಲಿಕ್ಕಿಗೆ 20 ರೂಪಾಯಿ ಕೂಗಿದ್ದಾನೆ, ಅವನ ಜಾಹೀರಾತನ್ನು ನೂರು ಮಂದಿ ಕಂಡರೆ ಇಬ್ಬರು ಒತ್ತುತ್ತಾರೆ ಎಂದಿಟ್ಟುಕೊಳ್ಳೋಣ. ಇನ್ನೊಬ್ಬನು 12 ರೂಪಾಯಿಯನ್ನೇ ಕೂಗಿದ್ದಾನೆ, ಆದರೆ ನೂರರಲ್ಲಿ ಐವರು ಒತ್ತುತ್ತಾರೆ. ನೂರು ಪ್ರದರ್ಶನಗಳಿಗೆ ಮೊದಲನೆಯವನಿಂದ 40 ರೂಪಾಯಿ, ಎರಡನೆಯವನಿಂದ 60 ರೂಪಾಯಿ. ಆದಕಾರಣ ಮೇಲಿನ ಸ್ಥಾನ ಎರಡನೆಯವನಿಗೆ. ಎರಡನೆಯದಾಗಿ, ಗೆದ್ದವನು ತಾನು ಕೂಗಿದಷ್ಟನ್ನೂ ಕೊಡಬೇಕಾಗಿಲ್ಲ. ಕೆಳಗಿನವನನ್ನು ಮೀರುವುದಕ್ಕೆ ಸಾಕಾಗುವಷ್ಟು, ಎಂದರೆ ಇಲ್ಲಿ ಸುಮಾರು 8 ರೂಪಾಯಿ, ಕೊಟ್ಟರಾಯಿತು. ಇಂಥ ಹರಾಜಿನ ಗುಣಗಳನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿಯವರು 1961ರಲ್ಲಿಯೇ ವಿವೇಚಿಸಿದ್ದರು. 1996ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಇಂದಿನ ಯಂತ್ರಗಳು ಇನ್ನೂ ಹಲವು ಅಂಶಗಳನ್ನು ಗಣಿಸುತ್ತವೆಯಾದರೂ ಮೂಲತತ್ತ್ವವು ಇಷ್ಟೇ.

ಇದು ಭೌತಶಾಸ್ತ್ರದ ಅಧ್ಯಾಪಕನಿಗೆ ಸಲ್ಲದ ವಿಷಯವೆಂದು ವಿದ್ಯಾರ್ಥಿಮಿತ್ರರಿಗೆ ತೋರಬಹುದು. ಕೆಲವು ತಿಂಗಳ ಹಿಂದಿನವರೆಗೆ ನನಗೂ ಹಾಗೆಯೇ ತೋರುತ್ತಿತ್ತು. ಚಾಮರಾಜನಗರದಲ್ಲಿ ನನ್ನ ಬಳಿ ಬಿ.ಎಸ್‌ಸಿ. ಓದಿದ ಯುವಕನೊಬ್ಬನು ಗುಂಡ್ಲುಪೇಟೆಯ ಹೊರವಲಯದಲ್ಲಿ ಆರು ಕೋಣೆಗಳ ವಸತಿಗೃಹವನ್ನು ನಡೆಸುತ್ತಿದ್ದಾನೆ. ಆತನು ಒಂದು ಜಾಹೀರಾತು ಸಂಸ್ಥೆಗೆ ತಿಂಗಳ ಸಂಬಳದ ಮೇಲೆ ಈ ಕೆಲಸವನ್ನು ಒಪ್ಪಿಸಿದನು. ಜುಲೈ ತಿಂಗಳಿನಲ್ಲಿ ಜಾಹೀರಾತು ಆರಂಭವಾಯಿತು. ಓಣಂ ಹಬ್ಬದ ವೇಳೆಗೆ ಕೋಣೆಗಳೆಲ್ಲ ತುಂಬಿದವು. ಸಂಸ್ಥೆಯು ಕಳುಹಿಸಿದ ವರದಿಯಲ್ಲಿ ಹಸಿರು ಬಾಣವೊಂದು ಮೇಲ್ಮುಖವಾಗಿ ಏರಿತ್ತು. ಆ ಬಾಣವನ್ನು ನಂಬಿ ಆತನು ತಂದೆಯ ಕಾಲದ ಅರಿಸಿನದ ಹೊಲವನ್ನು ಬ್ಯಾಂಕಿಗೆ ಅಡವಿಟ್ಟು ಇನ್ನೂ ನಾಲ್ಕು ಕೋಣೆಗಳಿಗೆ ತಳಪಾಯ ಹಾಕಿಸಿದನು. ಅನಂತರ ವರದಿಯನ್ನು ಹಿಡಿದುಕೊಂಡು, ಸಂತೋಷದಿಂದಲೇ, ನನಗೆ ತೋರಿಸಲು ಬಂದನು.

ವರದಿಯಲ್ಲಿ ಎರಡು ಜಾಹೀರಾತುಗಳ ಹೋಲಿಕೆಯಿತ್ತು. ಒಂದರಲ್ಲಿ ಆನೆಯ ಚಿತ್ರ, ಇನ್ನೊಂದರಲ್ಲಿ ಕೋಣೆಯ ಚಿತ್ರ. ತಲಾ 200 ಕ್ಲಿಕ್ಕುಗಳಲ್ಲಿ ಆನೆಯ ಚಿತ್ರಕ್ಕೆ 7 ಮಂದಿ, ಕೋಣೆಯ ಚಿತ್ರಕ್ಕೆ 4 ಮಂದಿ ರೂಮು ಕಾದಿರಿಸಿದ್ದರು. ‘ಆನೆಯ ಜಾಹೀರಾತು ಶೇಕಡಾ 75ರಷ್ಟು ಮೇಲು, ಹಣವನ್ನೆಲ್ಲ ಅದಕ್ಕೇ ವಿನಿಯೋಗಿಸತಕ್ಕದ್ದು’ ಎಂಬುದಾಗಿ ಸಲಹೆ ಬರೆದಿತ್ತು.

ನಮ್ಮ ಪ್ರಯೋಗಶಾಲೆಯಲ್ಲಿ ಇದೇ ಹುಡುಗನು ಗೈಗರ್ ಗಣಕದ ಮುಂದೆ ಕುಳಿತು ವಿಕಿರಣದ ಕಣಗಳನ್ನು ಎಣಿಸಿದ್ದನು. ಒಂದೇ ಆಕರ, ಒಂದೇ ದೂರ, ಒಂದೇ ಅವಧಿ. ಆದರೂ ಒಂದು ಸಲ 7, ಮತ್ತೊಂದು ಸಲ 4, ಮಗುದೊಂದು ಸಲ 6 ಬರುತ್ತದೆ. ಆಕರವು ಬದಲಾಯಿತೆಂದು ಯಾರೂ ಹೇಳುವುದಿಲ್ಲ. ರುದರ್‌ಫೋರ್ಡ್ ಮತ್ತು ಗೈಗರ್ ಇಬ್ಬರೂ ಏಳೂವರೆ ಸೆಕೆಂಡುಗಳ 2608 ಅವಧಿಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಆಲ್ಫಾ ಕಣಗಳನ್ನು ಎಣಿಸಿ, ಈ ಏರಿಳಿತವು ಯಾದೃಚ್ಛಿಕ ಘಟನೆಗಳ ಗಣಿತಕ್ಕೆ ಅನುಸಾರವಾಗಿಯೇ ಇದೆಯೆಂದು 1910ರಲ್ಲಿ ತೋರಿಸಿದರು. ಎಣಿಕೆಯ ಅನಿಶ್ಚಿತತೆಯು ಸ್ಥೂಲವಾಗಿ ಎಣಿಕೆಯ ವರ್ಗಮೂಲದಷ್ಟು. ಎರಡು ಎಣಿಕೆಗಳ ವ್ಯತ್ಯಾಸದಲ್ಲಿಯಾದರೋ ಅವುಗಳ ಮೊತ್ತದ ವರ್ಗಮೂಲದಷ್ಟು. 7 ಮತ್ತು 4ರ ವ್ಯತ್ಯಾಸ 3. 11ರ ವರ್ಗಮೂಲ 3.3. ಆನೆಗೂ ಕೋಣೆಗೂ ನಡುವೆ ಭೇದವಿದೆಯೆಂದು ಹೇಳಲು ಇದರಲ್ಲಿ ಯಾವ ಆಧಾರವೂ ಇಲ್ಲ. ಇದೇ ಪ್ರಮಾಣ ಉಳಿದು, ಕ್ಲಿಕ್ಕುಗಳು ಹನ್ನೊಂದು ಪಟ್ಟಾದರೆ 77 ಮತ್ತು 44 ಬಂದೀತು. ವ್ಯತ್ಯಾಸ 33, 121ರ ವರ್ಗಮೂಲ 11. ಆಗ ನಂಬಬಹುದು. ಆದರೆ ಕ್ಲಿಕ್ಕಿಗೆ 15 ರೂಪಾಯಿಯಂತೆ ಎಣಿಸಿದರೂ ಆ ಜ್ಞಾನಕ್ಕೆ ಬೀಳುವ ವೆಚ್ಚ 66,000 ರೂಪಾಯಿ.

ಇದಕ್ಕಿಂತ ದೊಡ್ಡ ದೋಷವು ಬೇರೊಂದು ಕಡೆಯಲ್ಲಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲ; ತಪ್ಪಲಿನಲ್ಲಿ ಸಾಲುಗಟ್ಟಿ ನಿಂತು ಸಾರಿಗೆ ಸಂಸ್ಥೆಯ ಬಸ್ಸನ್ನು ಹಿಡಿಯಬೇಕು. ಆ ಸಾಲಿನಲ್ಲಿ ನಿಂತವರಿಗೆಲ್ಲ ಒಬ್ಬನು ‘ಬೆಟ್ಟಕ್ಕೆ ಬನ್ನಿ’ ಎಂಬ ಕರಪತ್ರವನ್ನು ಹಂಚಿ, ಮೇಲೇರಿದವರೆಲ್ಲರ ಕೈಯಲ್ಲಿಯೂ ತನ್ನ ಕರಪತ್ರವಿತ್ತೆಂದು ಸಾಧಿಸಿದರೆ ಒಪ್ಪುತ್ತೇವೆಯೆ? ಸೂರ್ಯಕಾಂತಿ ಅರಳುವ ದಿನಗಳಲ್ಲಿಯೂ ಓಣಂ ರಜೆಯಲ್ಲಿಯೂ ಕೇರಳದಿಂದ ಜನರು ಹೇಗೂ ಗುಂಡ್ಲುಪೇಟೆಗೆ ಬರುತ್ತಾರೆ. ಕ್ಲಿಕ್ಕು ಮಾಡಿ ಬಂದವರೆಷ್ಟು ಎಂಬುದು ಬೇರೆ, ಜಾಹೀರಾತಿಲ್ಲದಿದ್ದರೆ ಬರುತ್ತಿರಲಿಲ್ಲವೆಂಬವರೆಷ್ಟು ಎಂಬುದು ಬೇರೆ. ಇಬೇ ಎಂಬ ದೊಡ್ಡ ವ್ಯಾಪಾರ ಸಂಸ್ಥೆಯು 2012ರಲ್ಲಿ ತನ್ನದೇ ಹೆಸರಿನ ಹುಡುಕಾಟಕ್ಕೆ ಕೊಡುತ್ತಿದ್ದ ಜಾಹೀರಾತನ್ನು ನಿಲ್ಲಿಸಿ ನೋಡಿತು. ಜಾಹೀರಾತಿನ ಮೂಲಕ ಬರುತ್ತಿದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಅದರ ಕೆಳಗಿನ ಉಚಿತ ಕೊಂಡಿಯ ಮೂಲಕವೇ ಬಂದರು! ಬ್ಲೇಕ್, ನಾಸ್ಕೊ, ಟಡೆಲಿಸ್ ಎಂಬ ಸಂಶೋಧಕರು ಇದನ್ನು 2015ರಲ್ಲಿ ಪ್ರಕಟಿಸಿದರು.

ಹಾಗೆಂದು ಈ ಜಾಹೀರಾತುಗಳೆಲ್ಲ ವಂಚನೆಯೆಂದು ನಾನು ಹೇಳುತ್ತಿಲ್ಲ. ಅದೇ ಅಧ್ಯಯನದಲ್ಲಿ, ಸಂಸ್ಥೆಯ ಪರಿಚಯವಿಲ್ಲದ ಹೊಸ ಗಿರಾಕಿಗಳ ಮೇಲೆ ಜಾಹೀರಾತು ಪರಿಣಾಮ ಬೀರಿದ್ದುಂಟು. ರಾತ್ರಿ ಎಂಟು ಗಂಟೆಗೆ ದಾರಿಯಲ್ಲಿರುವ ಅಪರಿಚಿತನಿಗೆ ಆರು ಕೋಣೆಗಳ ವಸತಿಗೃಹವೊಂದು ಇದೆಯೆಂದು ತಿಳಿಸುವುದು ನಿಜವಾದ ಉಪಕಾರ. ‘ಬಂಡೀಪುರ ಸಫಾರಿ ದರ’ ಎಂದು ಹುಡುಕುವವನಿಗೆ ಬೇಕಾದದ್ದು ಅರಣ್ಯ ಇಲಾಖೆಯ ಟಿಕೆಟ್ಟು. ಅವನ ಕ್ಲಿಕ್ಕಿಗೆ ಹಣ ತೆರುವುದು ವ್ಯರ್ಥ. ಇಂಥ ಪದಗಳನ್ನು ತೆಗೆದುಹಾಕುವುದಕ್ಕೆ ಸಂಖ್ಯಾಶಾಸ್ತ್ರವೇನೂ ಬೇಡ, ಊರಿನ ಪರಿಚಯ ಸಾಕು. ನನ್ನ ಆಕ್ಷೇಪಣೆಯಿರುವುದು ವರದಿಯ ಮೇಲೆ. ಸರಕನ್ನು ಮಾರುವವನೂ ತಕ್ಕಡಿ ಹಿಡಿಯುವವನೂ ಒಬ್ಬನೇ ಆದಾಗ, ಎಣಿಕೆಯ ಪಕ್ಕದಲ್ಲಿ ಅದರ ಅನಿಶ್ಚಿತತೆಯನ್ನೂ ಬರೆಯುವಂತೆ ಕೇಳುವ ಹಕ್ಕು ಹಣ ತೆರುವವನಿಗಿದೆ. ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ಅದನ್ನು ಬರೆಯದಿದ್ದರೆ ನಾವು ಅಂಕ ಕಳೆಯುತ್ತೇವೆ.

ಸಣ್ಣ ವ್ಯಾಪಾರಿಗೆ ಇಷ್ಟೊಂದು ಪರೀಕ್ಷೆ ಸಾಧ್ಯವೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಲೂಯಿಸ್ ಮತ್ತು ರಾವ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ದೊಡ್ಡ ಸಂಸ್ಥೆಗಳ 25 ಜಾಹೀರಾತು ಪ್ರಯೋಗಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಹೆಚ್ಚಿನವು ಲಕ್ಷಾಂತರ ಗಿರಾಕಿಗಳನ್ನು ಮುಟ್ಟಿದಂಥವು. ಅಲ್ಲಿಯೂ ಲಾಭವನ್ನು ನಿಖರವಾಗಿ ಅಳೆಯುವುದು ಬಹು ಕಷ್ಟವೆಂದೇ ಕಂಡುಬಂದಿತು. ಆರು ಕೋಣೆಗಳ ಒಡೆಯನಿಗೆ ಅದು ಇನ್ನೂ ಕಷ್ಟವೆನ್ನುವುದರಲ್ಲಿ ಸಂಶಯವಿಲ್ಲ. ಆದರೆ ತಿಳಿಯದೆನ್ನುವುದನ್ನು ತಿಳಿದವನು ತಿಂಗಳಿಗೆ ಎರಡು ಸಾವಿರ ರೂಪಾಯಿ ಕಳೆದುಕೊಂಡಾನು, ಹೊಲವನ್ನು ಅಡವಿಡುವುದಿಲ್ಲ.

ಇದರಲ್ಲಿ ನನ್ನ ಪಾಲೂ ಇದೆ. ವರ್ಗಮೂಲದ ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು, ಪರೀಕ್ಷೆಗೆ ಮುಖ್ಯವೆಂದು ಹೇಳಿ, ಮುಂದಿನ ಪಾಠಕ್ಕೆ ಹೋದವನು ನಾನು. ಅದು ಯುರೇನಿಯಮ್ಮಿಗೂ ರೂಮಿಗೂ ಒಂದೇ ಎಂದು ಎಂದೂ ಹೇಳಿರಲಿಲ್ಲ. ಈ ವರ್ಷದಿಂದ ಗೈಗರ್ ಗಣಕದ ಪ್ರಯೋಗದೊಡನೆ ಇಂಥ ಒಂದು ಜಾಹೀರಾತಿನ ವರದಿಯನ್ನೂ ವಿದ್ಯಾರ್ಥಿಗಳ ಮುಂದಿಡುತ್ತಿದ್ದೇನೆ.

ತಳಪಾಯದ ಕೆಲಸವನ್ನು ಆತನು ಸದ್ಯಕ್ಕೆ ನಿಲ್ಲಿಸಿದ್ದಾನೆ. ಸಾಲದ ಕಂತು ನಿಂತಿಲ್ಲ. ಪ್ರತಿ ಸೋಮವಾರ ಬೆಳಗ್ಗೆ ನಾಣ್ಯ ಚಿಮ್ಮಿ, ತಲೆ ಬಿದ್ದರೆ ಆ ವಾರ ಜಾಹೀರಾತು, ಬಾಲ ಬಿದ್ದರೆ ಇಲ್ಲ ಎಂದು ನಡೆಸುತ್ತಿದ್ದಾನೆ. ಆರು ವಾರಗಳಾಗಿವೆ. ಜಾಹೀರಾತಿದ್ದ ಮೂರು ವಾರಗಳಲ್ಲಿ 19 ಕೋಣೆಗಳು, ಇಲ್ಲದ ಮೂರು ವಾರಗಳಲ್ಲಿ 16. ಮೊನ್ನೆ ಫೋನು ಮಾಡಿದಾಗ ನಾನು ಕೇಳುವ ಮುನ್ನವೇ ಹೇಳಿದನು: “ಮೂವತ್ತೈದರ ವರ್ಗಮೂಲ ಆರು ಸಾರ್, ವ್ಯತ್ಯಾಸ ಮೂರೇ. ಇನ್ನೂ ಏನೂ ಹೇಳೋ ಹಾಗಿಲ್ಲ.”