ಹಿಪ್ಪುನೇರಳೆ ತೋಟಕ್ಕೆ ಬೆಲೆ ಕಟ್ಟುವ ಮುನ್ನ

ಬಿಡದಿ ಬಳಿಯ ಬೈರಮಂಗಲ, ಕಂಚುಗಾರನಹಳ್ಳಿ ಸುತ್ತಿನ ರೈತರು ತಮ್ಮ ಜಮೀನಿನಲ್ಲಿ ಸರ್ಕಾರ ಯೋಜಿಸಿರುವ ಉಪನಗರ ಬೇಡವೆಂದು ಧರಣಿ ಕೂತಿದ್ದಾರೆ. ಹೆಚ್ಚು ಪರಿಹಾರಕ್ಕಾಗಿ ಹೂಡಿದ ಹಟವಿದು ಎಂದು ತಳ್ಳಿಹಾಕುವವರು ಒಮ್ಮೆ ಅಲ್ಲಿನ ರೇಷ್ಮೆ ಹುಳುಮನೆಗೆ ಹೋಗಿಬರಲಿ. ನಸುಕಿನಲ್ಲೇ ಕೊಯ್ದು ತಂದ ಹಿಪ್ಪುನೇರಳೆ ಸೊಪ್ಪು, ಹುಳು ಮೇಯುವಾಗ ಮಳೆ ಹನಿದಂಥ ಸದ್ದು, ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೆಂಗಸರ ಕೈ. ತಿಂಗಳೊಪ್ಪತ್ತಿನಲ್ಲಿ ಗೂಡು ರಾಮನಗರದ ಮಾರುಕಟ್ಟೆ ಸೇರುತ್ತದೆ. ಡೇರಿಯ ಹಾಲಿನ ಬಟವಾಡೆ ಬೇರೆ. ತಲೆಮಾರುಗಳಿಂದ ಬಂದ ಈ ಬದುಕಿಗೆ ಒಮ್ಮೆ ಕೈಸೇರಿ ಕರಗುವ ದುಡ್ಡು ಸಮವಾಗದು. ಜಮೀನಿಲ್ಲದ ಕೂಲಿಯವರ ಪಾಡನ್ನಂತೂ ಕೇಳುವವರೇ ಕಡಿಮೆ.

ಹೀಗೆಯೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ಜನ ಭೂಸ್ವಾಧೀನದ ವಿರುದ್ಧ 3 ವರ್ಷಕ್ಕೂ ಮಿಕ್ಕಿ ಹೋರಾಡಿದ ಮೇಲೆ, 2025ರ ಜುಲೈ 15ರಂದು, 1,777 ಎಕರೆ ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಪ್ರಕಟಿಸಿದರು. ಅದು ಕೈಗಾರಿಕೆಗೆ ಕೇಳಿದ್ದ ನೆಲ, ಬಿಡದಿಯದು ಉಪನಗರಕ್ಕೆ. ಕಳೆದುಕೊಳ್ಳುವವರಿಗೆ ಏನು ವ್ಯತ್ಯಾಸ?

ಬೆಂಗಳೂರಿಗೆ ಮನೆಗಳು ಬೇಕು, ನಿಜ. ಆದರೆ ಈಗಾಗಲೇ ಮಾಡಿದ ಬಡಾವಣೆಗಳಲ್ಲಿ ಹುಲ್ಲು ಬೆಳೆದು ನಿಂತ ನಿವೇಶನಗಳನ್ನು ಸರ್ಕಾರ ಮೊದಲು ಎಣಿಸಲಿ. ಬೈರಮಂಗಲದವರ ಮಾತನ್ನು ಅವರ ಊರಿನಲ್ಲೇ ಕೂತು ಕೇಳಲಿ, ಮುಂದಿನ ಕಡತಕ್ಕೆ ಸಹಿ ಬೀಳುವ ಮೊದಲು.